ಹುಣ್ಣಿಮೆಯ ವ್ಯಾಪಾರ, ತಿಂಗಳ ಕಂತು

(ಉಗರಗೋಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸ್ವಂತ ದಂಧೆ ಮಾಡುವವರು ಸಮಯವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬ ವಿಷಯದ ಮೇಲೆ ಮಾತಾಡಲು ನನಗೆ ಹೇಳಿದ್ದಾರೆ. ಈ ವಿಷಯದ ಮೇಲೆ ಪುಸ್ತಕಗಳು ಬೇಕಾದಷ್ಟಿವೆ. ಬೆಳಿಗ್ಗೆ ಎದ್ದು ಪಟ್ಟಿ ಮಾಡಿ, ದಿನವನ್ನು ತಾಸುಗಳಾಗಿ ಹಂಚಿ, ದೊಡ್ಡ ಕೆಲಸ ಮೊದಲು ಮುಗಿಸಿ, ಫೋನು ಬದಿಗಿಡಿ ಎನ್ನುತ್ತವೆ. ಹತ್ತಕ್ಕೆ ಬಂದು ಐದಕ್ಕೆ ಏಳುವವರಿಗೆ ಅದು ಒಳ್ಳೆಯ ಮಾತು. ಆದರೆ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಕುಂಕುಮ-ಭಂಡಾರ ಮಾರುವವರಿಗೆ ಗಿರಾಕಿ ಬರುವುದು ಬಸ್ಸು ಬಂದಾಗ, ಟ್ರ್ಯಾಕ್ಟರ್ ಬಂದಾಗ. ಬೆಳಗಿನ ಆರಕ್ಕೆ ಬರೆದ ಪಟ್ಟಿ ಬನದ ಹುಣ್ಣಿಮೆಯ ದಿನ ಮೊದಲ ಟ್ರ್ಯಾಕ್ಟರ್ ಬರುವವರೆಗೂ ಉಳಿಯುವುದಿಲ್ಲ. ಇದರಲ್ಲಿ ವ್ಯಾಪಾರಿಯ ಶಿಸ್ತಿನ ದೋಷವೇನೂ ಇಲ್ಲ. ಅವನ ಬದುಕಿನ ಅಳತೆ ದಿನವಲ್ಲ, ವರ್ಷ. ಆದ್ದರಿಂದ ನಾನು ಗಡಿಯಾರದ ಮಾತು ಕಡಿಮೆ ಆಡಿ ಪಂಚಾಂಗದ ಮಾತು ಹೆಚ್ಚು ಆಡುತ್ತೇನೆ.

ನಮ್ಮ ಗುಡ್ಡದ ವರ್ಷ ಹೇಗಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಲೆಕ್ಕಕ್ಕಾಗಿ ಒಮ್ಮೆ ಮುಂದಿಟ್ಟುಕೊಳ್ಳೋಣ. ಶೀಗಿ ಹುಣ್ಣಿಮೆಯಿಂದ ಜನ ಹೆಚ್ಚುತ್ತಾರೆ. ಮಾರ್ಗಶಿರದಲ್ಲಿ ಹೊಸ್ತಿಲ ಹುಣ್ಣಿಮೆ, ಪುಷ್ಯದಲ್ಲಿ ಬನದ ಹುಣ್ಣಿಮೆ, ಮಾಘದಲ್ಲಿ ಭಾರತ ಹುಣ್ಣಿಮೆ. ಚೈತ್ರದ ದವನದ ಹುಣ್ಣಿಮೆಗೆ ಸುಗ್ಗಿ ಮುಗಿಯುತ್ತದೆ. ಬಳೆಗಾರರ ವರ್ಷವಂತೂ ದೇವಿಯ ಆಚರಣೆಯೊಳಗೇ ಬರೆದಿಟ್ಟಂತಿದೆ. ಹೊಸ್ತಿಲ ಹುಣ್ಣಿಮೆಗೆ ದೇವಿಯ ಕಂಕಣ ಮಂಗಳ ವಿಸರ್ಜನೆ, ಬಳೆ ತೆಗೆಯುವ ದಿನ. ಭಾರತ ಹುಣ್ಣಿಮೆ ಎಂದರೆ ಮುತ್ತೈದೆ ಹುಣ್ಣಿಮೆ, ಅಂದು ಹಸಿರು ಬಳೆ ತೊಡದೆ ಹಿಂದಿರುಗುವ ಹೆಣ್ಣುಮಗಳು ಅಪರೂಪ. ಇಡೀ ವರ್ಷದ ಮಾರಾಟದ ದೊಡ್ಡ ಪಾಲು ಈ ಕೆಲವು ಹುಣ್ಣಿಮೆಗಳ ಹಿಂದುಮುಂದಿನ ದಿನಗಳಲ್ಲೇ ಆಗುತ್ತದೆ. ಉಳಿದ ದಿನಗಳಲ್ಲಿ ಮಂಗಳವಾರ ಮತ್ತು ಶುಕ್ರವಾರ ಆಧಾರ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಬಸ್ಸಿನ ಖರ್ಚಿಲ್ಲದೆ ಬರತೊಡಗಿದ್ದರಿಂದ ಬಿಡುದಿನಗಳ ಚಿತ್ರ ತುಸು ಬದಲಾಗಿದೆ, ನಿಜ. ಆದರೂ ವರ್ಷದ ಬೆನ್ನೆಲುಬು ಹುಣ್ಣಿಮೆಯೇ.

ಈಗ ಒಂದು ಲೆಕ್ಕ ನೋಡಿ. 2025ರಲ್ಲಿ ಬನದ ಹುಣ್ಣಿಮೆ ಜನವರಿ 13ಕ್ಕೆ ಬಂತು. 2026ರಲ್ಲಿ ಜನವರಿ 3ಕ್ಕೇ ಬಂತು. ನಡುವೆ 355 ದಿನ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇರುವುದರಿಂದ ಮುಂದಿನ ಬನದ ಹುಣ್ಣಿಮೆ 2027ರ ಜನವರಿ 22ಕ್ಕೆ ಹೋಗುತ್ತದೆ. ಅಂದರೆ 384 ದಿನ. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ಕಳೆದ ಸಲಕ್ಕಿಂತ 29 ದಿನ ಹೆಚ್ಚು ಕಾಯಬೇಕು. ಹೊಸ್ತಿಲ ಹುಣ್ಣಿಮೆ ಕಳೆದ ಸಲ ಡಿಸೆಂಬರ್ 4ಕ್ಕಿತ್ತು, ಈ ಸಲ ಡಿಸೆಂಬರ್ 23-24ಕ್ಕೆ ಬರುತ್ತದೆ.

ಆ 29 ದಿನಗಳ ಅಂಗಡಿ ಬಾಡಿಗೆ ಯಾರು ಕೊಡುತ್ತಾರೆ? ಮಾಲಿಗಾಗಿ ಲಕ್ಷ ರೂಪಾಯಿ ಸಾಲ ತಂದವರಿದ್ದರೆ, ಬ್ಯಾಂಕಿನ ಶೇಕಡಾ 12ರ ಬಡ್ಡಿಯಲ್ಲಿ ಆ ದಿನಗಳಿಗೆ ಸುಮಾರು 950 ರೂಪಾಯಿ ಹೆಚ್ಚು ಬೀಳುತ್ತದೆ. ಖಾಸಗಿಯವರ ಹತ್ತಿರ ತಿಂಗಳಿಗೆ ನೂರಕ್ಕೆ ಮೂರರಂತೆ ತಂದಿದ್ದರೆ 2,900 ರೂಪಾಯಿ. ಕಳೆದ ವರ್ಷದ ತಾರೀಖು ನೋಡಿ ನವೆಂಬರ್ ಮೊದಲ ವಾರಕ್ಕೇ ಉದ್ರಿ ಮಾಲು ಇಳಿಸಿಕೊಂಡವರು ಗಿರಾಕಿ ಬರುವ ಮೊದಲೇ ಸಾವಕಾರರ ತಗಾದೆ ಕೇಳಬೇಕಾಗುತ್ತದೆ. ಪಂಚಾಂಗ ನಮ್ಮ ಪ್ರತಿ ಮನೆಯ ಗೋಡೆಯ ಮೇಲಿದೆ. ಲಗ್ನಕ್ಕೆ, ಗೃಹಪ್ರವೇಶಕ್ಕೆ ಅದನ್ನು ನೋಡುತ್ತೇವೆ, ಮಾಲಿಗೆ ಮಾತ್ರ ನೋಡುವುದಿಲ್ಲ.

ಇಲ್ಲೇ ನಮ್ಮ ತೊಂದರೆಯ ಬೇರು ಇದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಉಗರಗೋಳದ ವ್ಯಾಪಾರಿಯ ಗಳಿಕೆ ಚಂದ್ರನನ್ನು ನೋಡಿ ಬರುತ್ತದೆ. ಕೊಡಬೇಕಾದದ್ದು ಇಂಗ್ಲಿಷ್ ತಿಂಗಳು ನೋಡಿ ಹೋಗುತ್ತದೆ. ಬ್ಯಾಂಕಿನ ಕಂತು, ಕರೆಂಟು ಬಿಲ್ಲು, ಮಕ್ಕಳ ಫೀಸು ಯಾವುದೂ ಹುಣ್ಣಿಮೆಗೆ ಕಾಯುವುದಿಲ್ಲ. ಜಿ.ಎಸ್.ಟಿ.ಯಲ್ಲಿ ಕಾಂಪೋಸಿಷನ್ ಪದ್ಧತಿಗೆ ಸೇರಿದವರು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತೆರಿಗೆಯನ್ನು ಜನವರಿ 18ರೊಳಗೆ ಕಟ್ಟಬೇಕು. ಮುಂದಿನ ಬನದ ಹುಣ್ಣಿಮೆಗೆ ಸರಿಯಾಗಿ ನಾಲ್ಕು ದಿನ ಮೊದಲು! ಊಟಕ್ಕೂ ಕೂಡಲಾಗದ ಆ ವಾರದಲ್ಲಿ ಬಿಲ್ಲು ಹುಡುಕುತ್ತ ಕೂಡುವವರು ಯಾರು? ಡಿಸೆಂಬರ್ ತನಕದ ಲೆಕ್ಕ ತಾನೇ? ಜನವರಿಯ ಮೊದಲ ವಾರದಲ್ಲೇ ಅದನ್ನು ಮುಗಿಸಲು ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು, ಆ ಎರಡು ತಾರೀಖುಗಳನ್ನು ನಾವು ಒಂದೇ ಹಾಳೆಯ ಮೇಲೆ ಎಂದೂ ಬರೆದುಕೊಳ್ಳದಿರುವುದರಲ್ಲಿ.

ಹಾಗಾಗಿ ನನ್ನ ಮೊದಲ ಬೇಡಿಕೆ ಒಂದು ಹಾಳೆ. ಎಡಕ್ಕೆ ಹುಣ್ಣಿಮೆಗಳು, ಬಲಕ್ಕೆ ಕೊಡಬೇಕಾದವುಗಳ ತಾರೀಖುಗಳು. ಅಂಗಡಿಯ ಗಲ್ಲಾದ ಮೇಲೆ ಅಂಟಿಸಿ. ಅರ್ಧ ತಾಸಿನ ಕೆಲಸ. ಅದನ್ನು ನೋಡಿದ ಕೂಡಲೇ ಯಾವ ತಿಂಗಳು ಕೈ ಬಿಗಿ, ಯಾವ ವಾರ ಯಾವ ಕಾಗದದ ಕೆಲಸಕ್ಕೂ ಒಗ್ಗುವುದಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ.

ಎರಡನೆಯದು ಬ್ಯಾಂಕಿನವರಿಗೆ. ರೈತನ ಬೆಳೆಸಾಲದ ಗಡುವನ್ನು ಬೆಳೆ ಬರುವ ಕಾಲ ನೋಡಿ ಇಡುತ್ತೀರಿ. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿನ ತಿರುಳೇ ಅದು. ಗುಡ್ಡದ ಬಳೆಗಾರನಿಗೂ ರಾಶಿಯ ಕಾಲವಿದೆ, ಅವನಿಗೂ ಬಿತ್ತುವ ಕಾಲವಿದೆ. ಆಷಾಢದಲ್ಲಿ ಅವನಿಂದ ಮಾಘದಷ್ಟೇ ಕಂತು ಕೇಳುವುದರಲ್ಲಿ ನ್ಯಾಯವಿಲ್ಲ. ಮುದ್ರಾ ಸಾಲವನ್ನು ತಿಂಗಳ ಕಂತಿನ ರೂಪದಲ್ಲಷ್ಟೇ ಕೊಡಬೇಕೆಂದಿಲ್ಲ, ಕ್ಯಾಶ್ ಕ್ರೆಡಿಟ್ ರೂಪದಲ್ಲೂ ಕೊಡಬಹುದು. ಬೇಕಾದಾಗ ತೆಗೆದು, ಬಂದಾಗ ಕಟ್ಟಿ, ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ನಮ್ಮವರು ಅದನ್ನು ಕೇಳುವುದಿಲ್ಲ, ಕೌಂಟರಿನವರು ತಾವಾಗಿ ಹೇಳುವುದಿಲ್ಲ. ಕೇಳಿರಿ ಎಂದು ಈ ಸಭೆಯಲ್ಲಿ ಹೇಳುತ್ತಿದ್ದೇನೆ.

ವ್ಯಾಪಾರಿಯ ಸಮಯಕ್ಕೆ ಬೆಲೆ ಕೊಟ್ಟ ಬ್ಯಾಂಕಿನ ಪದ್ಧತಿಯೊಂದು ನಮ್ಮ ಕರ್ನಾಟಕದ ನೆಲದಲ್ಲೇ ಹುಟ್ಟಿದೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ. ಅದನ್ನು ಕಟ್ಟಲು ಅಂಗಡಿಯವನು ಬ್ಯಾಂಕಿಗೆ ಹೋಗಬೇಕಿರಲಿಲ್ಲ, ಬ್ಯಾಂಕಿನವನೇ ಅಂಗಡಿಗೆ ಬರುತ್ತಿದ್ದ. ಸಣ್ಣ ದಂಧೆಯವನು ಬಾಗಿಲು ಮುಚ್ಚಿ ಬ್ಯಾಂಕಿಗೆ ಹೋದರೆ ಎರಡಾಣೆ ಉಳಿಸಲು ಎರಡು ರೂಪಾಯಿಯ ವ್ಯಾಪಾರ ಬಿಡಬೇಕಾಗುತ್ತದೆ ಎಂಬುದನ್ನು ಡಾ. ಟಿ.ಎಂ.ಎ. ಪೈ ಮತ್ತು ಅವರ ಜೊತೆಗಾರರು ಅರ್ಥಮಾಡಿಕೊಂಡಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು, ಪಿಗ್ಮಿ ಮಾತ್ರ ಸಹಕಾರಿ ಸಂಘಗಳ ಕೈಗೆ ಬಂದು ಇವತ್ತಿಗೂ ನಮ್ಮ ಓಣಿಯಲ್ಲಿ ತಿರುಗುತ್ತಿದೆ. ಪಿಗ್ಮಿ ಕಟ್ಟುವವರಿಗೆ ನನ್ನದೊಂದು ಸೂಚನೆ. ವರ್ಷವಿಡೀ ಒಂದೇ ಮೊತ್ತ ಕಟ್ಟಬೇಡಿ. ಹೊಸ್ತಿಲ ಹುಣ್ಣಿಮೆಯಿಂದ ದವನದ ಹುಣ್ಣಿಮೆಯವರೆಗೆ ಹೆಚ್ಚು ಕಟ್ಟಿ, ಮಳೆಗಾಲದಲ್ಲಿ ಕಡಿಮೆ ಮಾಡಿ. ಅವಧಿ ಮುಗಿಯುವುದು ಮಾಲು ತರುವ ತಿಂಗಳಿಗೆ ಸರಿಹೊಂದುವಂತೆ ನೋಡಿಕೊಳ್ಳಿ.

ಇನ್ನು ಕೆಲಸದ ಮಾತು. ಖಡಕ್ ರೊಟ್ಟಿ ಮಾಡಿ ಮಾರುವ ತಾಯಂದಿರು ನಮ್ಮ ಈ ಭಾಗದ ಊರೂರಲ್ಲಿ ಇದ್ದಾರೆ. ಅವರ ಕೆಲಸವನ್ನು ಹತ್ತಿರದಿಂದ ನೋಡಿ. ಹಿಟ್ಟು ನಾದಿ, ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಕೆಂಡದ ಬಳಿ ನಿಲ್ಲಿಸಿ ಒಣಗಿಸುತ್ತಾರೆ. ತೇವ ಪೂರ್ತಿ ಹೋಗುವವರೆಗೆ ಬಿಡುವುದಿಲ್ಲ. ಹಾಗೆ ಒಣಗಿದ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತದೆ. ಜಾತ್ರೆಗೆ ಎರಡು ವಾರ ಮೊದಲು ಅಂಥ ಒಬ್ಬ ತಾಯಿ ಒಲೆಯ ಮುಂದೆ ಕುಳಿತ ತಾಸುಗಳು ಡಬ್ಬಿಯಲ್ಲಿ ಜೋಡಿಸಿಟ್ಟಂತೆ ಉಳಿದಿರುತ್ತವೆ. ಜಾತ್ರೆಯ ದಿನ ಅವಳು ಎಣಿಸಿ ಕೊಟ್ಟರೆ ಸಾಕು. ಬಿಸಿ ರೊಟ್ಟಿ ಮಾರುವವಳಿಗೆ ಈ ಅನುಕೂಲವಿಲ್ಲ, ಗಿರಾಕಿ ಕೂತ ಮೇಲೆಯೇ ಅವಳ ಹಂಚು ಕಾಯಬೇಕು.

ಪ್ರತಿಯೊಂದು ದಂಧೆಯಲ್ಲೂ ಖಡಕ್ ಕೆಲಸ ಇದೆ, ಬಿಸಿ ಕೆಲಸ ಇದೆ. ಕುಂಕುಮದ ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡಿ ಮಾರುವುದು ಬಿಸಿ ಕೆಲಸ. ಪ್ಯಾಕೆಟ್ ಕಟ್ಟುವುದು, ದರದ ಫಲಕ ಬರೆಸುವುದು, ತಾಡಪತ್ರಿಯನ್ನು ಹರಿದಲ್ಲಿ ಹೊಲಿಸುವುದು, ತಕ್ಕಡಿಗೆ ಮುದ್ರೆ ಹಾಕಿಸುವುದು, ಚಿಲ್ಲರೆ ಕೂಡಿಸಿಡುವುದು ಎಲ್ಲ ಖಡಕ್ ಕೆಲಸ. ಕ್ರೂಸರ್ ಓಡಿಸುವವರಿಗೆ ಗಾಡಿಯ ಇನ್ಶೂರೆನ್ಸು, ಎಫ್.ಸಿ., ಬ್ರೇಕಿನ ಕೆಲಸ ಖಡಕ್. ತಿಂಡಿ ಮಾರುವವರಿಗೆ ಆಹಾರ ಲೈಸೆನ್ಸಿನ ಕಾಗದಪತ್ರ ಖಡಕ್. ಗದ್ದಲದ ದಿನ ನಮ್ಮ ಜೀವ ಹಿಂಡುವುದು ಬಿಸಿ ಕೆಲಸವಲ್ಲ, ಅದರಿಂದ ರೊಕ್ಕ ಬರುತ್ತದೆ, ಹುರುಪೂ ಬರುತ್ತದೆ. ಹಿಂಡುವುದು ಆ ದಿನಕ್ಕೆ ಉಳಿದುಹೋದ ಖಡಕ್ ಕೆಲಸ. ಚಿಲ್ಲರೆ ತರಲು ಹುಡುಗನನ್ನು ಕಳಿಸುತ್ತೀರಿ, ಅವನು ಜನರ ನಡುವೆ ಸಿಕ್ಕಿಕೊಳ್ಳುತ್ತಾನೆ, ಇತ್ತ ಅಂಗಡಿಯಲ್ಲಿ ಒಂದು ಕೈ ಕಡಿಮೆ. ಆಷಾಢ, ಶ್ರಾವಣ, ಭಾದ್ರಪದ ಎಂಬ ಮೂರು ತಿಂಗಳು ನಮ್ಮ ಮುಂದಿವೆ. ಈ ವರ್ಷ ಜ್ಯೇಷ್ಠವೂ ಎರಡು. ಗುಡ್ಡದ ಅಂಗಡಿಯವರು ಆ ದಿನಗಳನ್ನು "ಖಾಲಿ ಕೂತಿದೀವ್ರಿ" ಎಂದು ಬೇಸರದಿಂದ ಹೇಳುತ್ತಾರೆ. ನನ್ನ ಪ್ರಕಾರ ಇಡೀ ವರ್ಷದ ಸಮಯ ನಿರ್ವಹಣೆ ಆಗಬೇಕಾದದ್ದು ಆ ಖಾಲಿ ದಿನಗಳಲ್ಲೇ. ನಮ್ಮ ರೈತ ರೋಹಿಣಿ ಮಳೆ ಬಿದ್ದ ಮೇಲೆ ಕೂರಿಗೆ ರಿಪೇರಿಗೆ ಬಡಿಗನ ಮನೆ ಹುಡುಕುವುದಿಲ್ಲ.

ಲೆಕ್ಕ ಬರೆಯುವುದನ್ನೂ ಇದಕ್ಕೇ ಸೇರಿಸುತ್ತೇನೆ, ಆದರೆ ಅದನ್ನು ಮೂರು ತಿಂಗಳು ಮುಂದೂಡುವಂತಿಲ್ಲ. 2025ರ ಜುಲೈಯಲ್ಲಿ ಯು.ಪಿ.ಐ. ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಾಗ ರಾಜ್ಯದುದ್ದಕ್ಕೂ ಎಷ್ಟು ಗಾಬರಿಯಾಯಿತು ಎಂಬುದು ನಿಮಗೆ ನೆನಪಿದೆ. ಮೊಬೈಲಿಗೆ ಬಂದ ರೊಕ್ಕದಲ್ಲಿ ವ್ಯಾಪಾರದ್ದೆಷ್ಟು, ಅಳಿಯ ಕಳಿಸಿದ್ದೆಷ್ಟು, ಕೈಗಡ ವಾಪಸ್ಸು ಬಂದದ್ದೆಷ್ಟು ಎಂದು ವರ್ಷಗಳ ನಂತರ ಬಿಡಿಸಿ ಹೇಳುವುದು ಕಷ್ಟ. ಅದೇ ರಾತ್ರಿ ಬಾಗಿಲು ಹಾಕುವ ಮೊದಲು ಬರೆದರೆ ಹತ್ತು ನಿಮಿಷ. ಗಲ್ಲಾ ಎಣಿಸಿದ ಮೇಲೆ ಮನೆಗೆ ಹೋಗುವ ಮೊದಲು, ಅಂಗಡಿಯಲ್ಲೇ ಕೂತು ಬರೆಯಿರಿ. ಮನೆಗೆ ಒಯ್ದ ಕಿರ್ದಿ ಪುಸ್ತಕ ಮರುದಿನ ಬೆಳಿಗ್ಗೆ ಹಾಗೆಯೇ ಹಿಂದಿರುಗುತ್ತದೆ.

ಬಿಸಿ ಕೆಲಸದಲ್ಲೂ ನಾವು ಸಮಯ ಕಳೆದುಕೊಳ್ಳುವ ಒಂದು ದಾರಿ ಇದೆ. ಅದು ಮಾತಿನದು. ಜಾತ್ರೆಗೆ ಮುಂಚೆ ದರ್ಜಿಯ ಅಂಗಡಿಯಲ್ಲಿ ಕೂತರೆ ಕೇಳಿಸುತ್ತದೆ:

"ಆಗೇದೇನ್ರಿ ಜಂಪರ್?"

"ನಾಳಿ ಸಂಜಿಕ ಬರ್ರಿ ಅಕ್ಕಾರ, ಗುಂಡಿ ಹಚ್ಚೂದಷ್ಟ ಐತಿ."

ಗುಂಡಿ ಹಚ್ಚುವುದಿರಲಿ, ಬಟ್ಟೆಗೆ ಕತ್ತರಿಯೂ ತಾಗಿರುವುದಿಲ್ಲ. ಮರುದಿನ ಅಕ್ಕ ಮತ್ತೆ ಬರುತ್ತಾಳೆ. ಮಷಿನು ನಿಲ್ಲುತ್ತದೆ, ಗಂಟು ಬಿಚ್ಚಿ ಅವಳ ಬಟ್ಟೆ ಹುಡುಕಬೇಕು, ಸಮಾಧಾನ ಹೇಳಬೇಕು. ಹತ್ತು ನಿಮಿಷ ಹೋಯಿತು. ಹೀಗೆ ದಿನಕ್ಕೆ ಇಪ್ಪತ್ತು ಮಂದಿ ಬಂದರೆ ಮೂರು ತಾಸು ಇಪ್ಪತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಹೊಲಿಯಬಹುದಾದ ಜಂಪರುಗಳೇ ಮರುದಿನ ಬಂದವರಿಗೆ ಇಲ್ಲವಾಗುತ್ತವೆ. ಸುಳ್ಳು ಹೇಳಿದ ಎಂದು ದರ್ಜಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಇಲ್ಲ ಎಂದರೆ ಗಿರಾಕಿ ಬೇರೆ ಕಡೆ ಹೋದಾಳು ಎಂಬ ಅಂಜಿಕೆಯಿಂದ ಅವನು ಹಾಗೆ ಹೇಳುತ್ತಾನೆ. ಆ ಅಂಜಿಕೆ ಸಣ್ಣ ದಂಧೆ ಮಾಡುವ ಎಲ್ಲರ ಹೊಟ್ಟೆಯಲ್ಲೂ ಇದೆ.

ಇದೇ ಭಾಗದಲ್ಲಿ ನಾನು ನೋಡಿದ ಒಬ್ಬ ದರ್ಜಿಯ ಮಷಿನಿನ ಹಿಂದೆ ಶಾಲೆಯ ಹಳೆಯ ಕರಿಹಲಗೆಯ ತುಂಡೊಂದಿದೆ. ಅದರ ಮೇಲೆ ಸೀಮೆಸುಣ್ಣದಿಂದ ತಾರೀಖುಗಳ ಮನೆ ಎಳೆದಿದ್ದಾರೆ. ಒಂದು ತಾರೀಖಿಗೆ ಐದೇ ಗೀಟು. ಗಿರಾಕಿ ಬಂದರೆ ಅವರು ಬಾಯಿಂದ ತಾರೀಖು ಹೇಳುವುದಿಲ್ಲ, ಹಲಗೆ ತೋರಿಸುತ್ತಾರೆ. ಖಾಲಿ ಇರುವ ಮನೆಯಲ್ಲಿ ಅವಳ ಕಣ್ಣೆದುರೇ ಗೀಟು ಎಳೆದು, ಅದೇ ತಾರೀಖನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಗುಂಡುಪಿನ್ನು ಚುಚ್ಚುತ್ತಾರೆ. ಹುಣ್ಣಿಮೆಗೆ ಮೊದಲಿನ ಎರಡು ದಿನಗಳ ಮನೆಗೆ ಮೊದಲೇ ಅಡ್ಡಗೆರೆ ಹೊಡೆದಿರುತ್ತಾರೆ. ಯಾಕೆ ಎಂದು ಕೇಳಿದೆ. "ಹರಿದದ್ದು, ಬಿಗಿ ಆದದ್ದು ಬರ್ತಾವ್ರಿ, ಅವಕ್ಕ ಜಾಗಾ ಬೇಕಲ್ರಿ" ಎಂದರು. ಸಮಯ ನಿರ್ವಹಣೆಯ ಯಾವ ತರಬೇತಿಯಲ್ಲೂ ಇದಕ್ಕಿಂತ ಒಳ್ಳೆಯ ಪಾಠ ನಾನು ಕೇಳಿಲ್ಲ. ಕೆಲವರು ಚೀಟಿ ನೋಡಿ ಬಟ್ಟೆ ವಾಪಸ್ಸು ಒಯ್ಯುತ್ತಾರೆ, ಅದೂ ನಿಜ. ಆದರೆ ಉಳಿದವರು ಒಮ್ಮೆ ಕೊಡಲು, ಒಮ್ಮೆ ಒಯ್ಯಲು ಮಾತ್ರ ಬರುತ್ತಾರೆ, ಮಷಿನು ನಿಲ್ಲುವುದಿಲ್ಲ.

ವಿಶ್ರಾಂತಿಯ ವಿಷಯಕ್ಕೆ ಬರೋಣ. ಈ ಭಾಗದಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಎಂಥ ಹದವಿರಲಿ, ಬಸವಣ್ಣನ ವಾರ ಎಂದು ನೊಗ ಕೆಳಗಿಡುತ್ತಾರೆ. ಕ್ಷೌರದ ಅಂಗಡಿಗಳು ಮಂಗಳವಾರ ಬಾಗಿಲು ತೆರೆಯುವುದಿಲ್ಲ. ಇವೆರಡನ್ನೂ ನಂಬಿಕೆ ಎಂದು ಬದಿಗಿಡುವವರಿದ್ದಾರೆ. ನನಗೆ ಅವುಗಳಲ್ಲಿ ಬಹಳ ಗಟ್ಟಿಯಾದ ವ್ಯವಹಾರಜ್ಞಾನ ಕಾಣುತ್ತದೆ. ಒಬ್ಬನೇ ರಜೆ ಮಾಡಿದರೆ ಅವನ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಎಲ್ಲರೂ ಕೂಡಿ ಮಾಡಿದರೆ ಯಾರಿಗೂ ಹಾನಿಯಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರನಿಗೆ ವಾರಕ್ಕೊಂದು ರಜೆ ಕೊಡಬೇಕೆನ್ನುತ್ತದೆ. ಮಾಲೀಕನಿಗೆ ರಜೆ ಕೊಡುವವರು ಯಾರು? ಗುಡ್ಡದ ಅಂಗಡಿಕಾರರು ಒಟ್ಟಾಗಿ ಕೂತು, ಮಂಗಳವಾರ-ಶುಕ್ರವಾರ ಬಿಟ್ಟು, ಮಳೆಗಾಲದಲ್ಲಾದರೂ ವಾರದ ಒಂದು ಮಧ್ಯಾಹ್ನ ಸಾಲುಸಾಲಾಗಿ ಮುಚ್ಚುವ ನಿರ್ಣಯ ಮಾಡಬಹುದು. ಒಂದು ಸಾಲು ಮುಚ್ಚಿದಾಗ ಇನ್ನೊಂದು ಸಾಲು ತೆರೆದಿರಲಿ, ಭಕ್ತರಿಗೂ ತೊಂದರೆಯಿಲ್ಲ. ಜಾತ್ರೆಯ ದಿನಗಳಲ್ಲಿ ನಿದ್ದೆಯನ್ನು ಸರದಿಯ ಮೇಲೆ ಹಂಚಿಕೊಳ್ಳಿ. ಎರಡು ರಾತ್ರಿ ನಿದ್ದೆಗೆಟ್ಟವನು ಮೂರನೆಯ ದಿನ ಐನೂರರ ನೋಟಿಗೆ ಚಿಲ್ಲರೆ ಕೊಡುವಾಗ ತಪ್ಪುತ್ತಾನೆ.

ಕೊನೆಗೆ, ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. "ನಮ್ಮ ಅಂಗಡಿ ಬೆಳಿಗ್ಗೆ ಐದಕ್ಕೆ ತೆರೀತದ್ರಿ" ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ಐದಕ್ಕೆ ತೆರೆಯಬೇಕಾದರೆ ಮನೆಯಲ್ಲಿ ಯಾರೋ ಮೂರೂವರೆಗೆ ಎದ್ದಿದ್ದಾರೆ. ನೀರು ಕಾಯಿಸಿದ್ದಾರೆ, ರೊಟ್ಟಿ ಬಡಿದು ಬುತ್ತಿ ಕಟ್ಟಿದ್ದಾರೆ, ಮಕ್ಕಳನ್ನು ಶಾಲೆಗೆ ಹೊಂದಿಸಿ ಹತ್ತಕ್ಕೆ ಅಂಗಡಿಗೂ ಬಂದಿದ್ದಾರೆ. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ಸಮಯ ಹೇಗೆ ಬಳಸುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಯಿತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಗಂಡಸರು ಒಂಬತ್ತು ನಿಮಿಷ ಉಳಿಸಿಕೊಂಡರು. ನಡುವಿನ ಅಂತರ ಮೂರು ತಾಸಿಗಿಂತ ಹೆಚ್ಚು, ಇದ್ದಲ್ಲೇ ಇದೆ.

ಇದನ್ನು ನಾನು ಅನುಕಂಪಕ್ಕಾಗಿ ಹೇಳುತ್ತಿಲ್ಲ, ದಂಧೆಯ ಲೆಕ್ಕವಾಗಿ ಹೇಳುತ್ತಿದ್ದೇನೆ. ಅಂಗಡಿಯ ಲಾಭ ಎಂದು ನಾವು ಬರೆದುಕೊಳ್ಳುವ ಮೊತ್ತದಲ್ಲಿ ಮನೆಯ ಹೆಣ್ಣುಮಗಳ ಕೂಲಿ ಕಳೆದಿರುವುದಿಲ್ಲ. ಕಳೆದು ನೋಡಿದರೆ ಕೆಲವು ಅಂಗಡಿಗಳು ಲಾಭದಲ್ಲಿಲ್ಲ ಎಂಬುದು ತಿಳಿಯುತ್ತದೆ. ಆಗ ದರ ಏರಿಸಬೇಕೋ, ಮಾಲು ಬದಲಿಸಬೇಕೋ, ರಾತ್ರಿ ಹನ್ನೊಂದರವರೆಗೆ ತೆರೆದಿಡುವುದನ್ನು ಬಿಡಬೇಕೋ ಎಂದು ಯೋಚಿಸಬಹುದು. ಅವಳ ಸಮಯ ಪುಕ್ಕಟೆ ಎಂದುಕೊಂಡಿರುವವರೆಗೆ ಆ ಯೋಚನೆಯೇ ಹುಟ್ಟುವುದಿಲ್ಲ. ಹೆಣ್ಣುಮಗಳೇ ಮಾಲೀಕಳಾದ ದಂಧೆಗಳಲ್ಲಿ ಇದು ಇನ್ನೂ ಬಿಗಿ. ರೊಟ್ಟಿ ಕೇಂದ್ರ ನಡೆಸುವವಳು ಊರಿಗೆಲ್ಲ ರೊಟ್ಟಿ ಬಡಿದು ಮನೆಗೆ ಹೋಗಿ ಮತ್ತೆ ಹಂಚು ಇಡುತ್ತಾಳೆ. ಅವಳಿಗೆ ಸಮಯ ನಿರ್ವಹಣೆಯ ಪಾಠ ಹೇಳುವ ಮೊದಲು ಮನೆಯ ಗಂಡಸರಿಗೆ ಪಾತ್ರೆ ತೊಳೆಯುವುದನ್ನು ಹೇಳಬೇಕು. ನಾನು ಈಗ ಅದನ್ನೇ ಹೇಳುತ್ತಿದ್ದೇನೆ.

ಹೊಸ್ತಿಲ ಹುಣ್ಣಿಮೆಗೆ ಇನ್ನೂ ತಿಂಗಳುಗಳಿವೆ. ಮಾಲಿನ ಪಟ್ಟಿ ಮಾಡಲು ಕೂತಾಗ ಮನೆಯವರನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಬಳೆ ಎಷ್ಟು ಡಜನ್, ಭಂಡಾರ ಎಷ್ಟು ಚೀಲ ಎಂದು ಬರೆಯುವ ಮೊದಲು, ಹುಣ್ಣಿಮೆಯ ಹಿಂದುಮುಂದಿನ ಎರಡು ವಾರ ಅಡಿಗೆ ಯಾರದು, ಮಕ್ಕಳನ್ನು ನೋಡಿಕೊಳ್ಳುವುದು ಯಾರು, ಅದಕ್ಕೆ ಆಳು ಬೇಕಾದರೆ ಕೂಲಿ ಎಷ್ಟು ಎಂಬುದನ್ನು ಮೇಲಿನ ಸಾಲಿನಲ್ಲೇ ಬರೆಯಿರಿ. ಆಮೇಲೆ ಬಳೆಯ ಲೆಕ್ಕ.